ಶ್ರೀರಂಗಪಟ್ಟಣದ ಸೀಮೆಯ ಸಮೂಹ ಕುಣಿತಗಳು: ಗುಡಿಯಂಗಳವೂ ಸಭಾರಂಗವೂ

೧

ಶ್ರೀರಂಗಪಟ್ಟಣದಿಂದ ಕಾವೇರಿಯ ಉತ್ತರದ ಕವಲನ್ನು ದಾಟಿ ಬೆಂಗಳೂರಿನ ಮಾರ್ಗವನ್ನು ಹಿಡಿದು ಹೋಗುವವರಿಗೆ ಮೊದಮೊದಲು ದೊರೆಯುವ ಊರುಗಳಲ್ಲಿ ಬಾಬುರಾಯನಕೊಪ್ಪಲು ಒಂದಾಗಿದೆ. ದೊಡ್ಡ ಊರೊಂದರ ಮಗ್ಗುಲಲ್ಲಿ ಜನರು ನೆಲಸಿ ಕಟ್ಟಿಕೊಂಡ ಸಣ್ಣ ವಸತಿಗೆ ಈ ಸೀಮೆಯಲ್ಲಿ ಕೊಪ್ಪಲೆಂದು ಹೆಸರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಇಂತಹ ಕೊಪ್ಪಲುಗಳು ಹೇರಳವಾಗಿವೆ. ರಾಜಧಾನಿಯ ಚರಿತ್ರೆಯನ್ನು ಕೋಟೆ, ದೇವಾಲಯ, ಶಾಸನ, ಕಾವ್ಯಗಳಿಂದ ತಿಳಿಯಬಹುದು. ಕೊಪ್ಪಲುಗಳ ಚರಿತ್ರೆಗೆ ಅಂತಹ ಸಾಮಗ್ರಿ ವಿರಳ. ಆದರೂ ಊರಹಬ್ಬದ ರಾತ್ರಿಯಲ್ಲಿ ಜನರೆಲ್ಲ ನೆರೆದು ನಡೆಸುವ ಕುಣಿತಗಳು ಆ ಚರಿತ್ರೆಗೆ ಒಂದು ಆಧಾರವೇ ಆಗಿವೆ. ಯಾವ ಕುಲಕ್ಕೆ ಯಾವ ಹಕ್ಕು, ಯಾರ ಮೇಲೆ ಯಾವ ಭಾರ, ಯಾವ ದೇವತೆಗೆ ಯಾವ ಮರ್ಯಾದೆ ಎಂಬ ಸಂಗತಿಗಳು ಅವುಗಳಲ್ಲಿ ವರ್ಷವರ್ಷವೂ ಕಣ್ಣಿಗೆ ಕಾಣುವಂತೆ ನಿರೂಪಿತವಾಗುವುವು.

ಈ ಕುಣಿತಗಳು ಅರ್ಧ ಶತಮಾನಕ್ಕೂ ಮಿಕ್ಕ ಕಾಲದಿಂದ ಗುಡಿಯಂಗಳವನ್ನು ಬಿಟ್ಟು ಸಭಾರಂಗಕ್ಕೂ ಮೆರವಣಿಗೆಗೂ ಬಂದಿರುವುದು ಸರ್ವವಿದಿತವಾಗಿದೆ. ಸಾಂಸ್ಕೃತಿಕ ರಾತ್ರಿಗಳಲ್ಲಿ, ದಸರೆಯ ಉತ್ಸವದಲ್ಲಿ, ಸಾಹಿತ್ಯ ಸಮ್ಮೇಳನಗಳಲ್ಲಿ ಇವುಗಳನ್ನು ಕಾಣಬಹುದು. ಇದನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳಿವೆ. ದೇವತೆಯಿಲ್ಲದೆಡೆಯಲ್ಲಿ ದೇವತೆಯ ಕುಣಿತವು ನಿರ್ಜೀವವಾಗುವುದೆಂದು ಕೆಲವರು ಹೇಳುವರು. ಸಭಾರಂಗವಿಲ್ಲದಿದ್ದರೆ ಈ ಕಲೆಗಳು ಎಂದೋ ಅಳಿದುಹೋಗುತ್ತಿದ್ದುವೆಂದು ಮತ್ತೆ ಕೆಲವರು ವಾದಿಸುವರು. ಗುಡಿಯಂಗಳವು ಪ್ರಾಚೀನ, ಸಭಾರಂಗವು ನೂತನ ಎಂಬ ಭಾವನೆಯನ್ನು ಎರಡು ಪಕ್ಷದವರೂ ಒಪ್ಪಿಕೊಂಡೇ ವಾದವನ್ನು ಆರಂಭಿಸುವರು. ಕನ್ನಡನಾಡಿನ ಚರಿತ್ರೆಯು, ವಿಶೇಷವಾಗಿ ಶ್ರೀರಂಗಪಟ್ಟಣದ ಚರಿತ್ರೆಯು, ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಅದನ್ನು ತೋರಿಸಿ, ಹಾಗಾದರೆ ವಾಸ್ತವವಾಗಿ ಬದಲಾದುದೇನೆಂಬುದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

೨

ಮೊದಲು ಕುಣಿತಗಳ ಸ್ವರೂಪವನ್ನು ನೋಡಬಹುದು. ಈ ಸೀಮೆಯಲ್ಲಿ ಅತ್ಯಂತ ಪ್ರಸಿದ್ಧವಾದುದು ಪೂಜಾಕುಣಿತ. ಬಿದಿರಿನ ಚಪ್ಪಟೆಯಾದ ಚೌಕಟ್ಟಿಗೆ ಬಣ್ಣದ ಸೀರೆಗಳನ್ನು ನೆರಿಗೆ ಹಿಡಿದು ಕಟ್ಟಿ, ನಡುವೆ ಶಕ್ತಿದೇವತೆಯ ಲೋಹದ ಮುಖವನ್ನಿಟ್ಟು, ಹೂವುಗಳಿಂದ ಸಿಂಗರಿಸಿದುದಕ್ಕೆ ‘ಪೂಜೆ’ಯೆಂದೇ ಹೆಸರು. ಮಾಡುವ ಕಾರ್ಯದ ಹೆಸರು ಹೊರುವ ವಸ್ತುವಿಗೆ ಬಂದಿರುವುದು ಗಮನಾರ್ಹವಾಗಿದೆ. ಕುಣಿಯುವವನು ಅದನ್ನು ತಲೆಯ ಮೇಲೆ ಹೊತ್ತು, ತಮಟೆ ನಗಾರಿಗಳ ಗತಿಗೆ ತಕ್ಕಂತೆ ಹೆಜ್ಜೆ ಹಾಕುವನು. ಕೈ ಬಿಟ್ಟು ಸಮತೋಲವನ್ನು ಕಾಪಾಡುವುದರಲ್ಲಿಯೂ, ಬಗ್ಗಿ ಎದ್ದು ಸುತ್ತಿ ತಿರುಗುವುದರಲ್ಲಿಯೂ ಅವನ ನೈಪುಣ್ಯವು ವ್ಯಕ್ತವಾಗುವುದು.

ಪಟಕುಣಿತದಲ್ಲಿ ಹತ್ತು ಹದಿನೈದು ಅಡಿಗಳ ಬಿದಿರಿನ ಗಳುವಿಗೆ ಬಣ್ಣದ ಬಟ್ಟೆಯನ್ನು ಸುತ್ತಿ ತುದಿಯಲ್ಲಿ ಛತ್ರಿಯನ್ನು ಕಟ್ಟುವರು. ಹಲವರು ಒಂದೊಂದು ಪಟವನ್ನು ಹಿಡಿದು ಸಾಲಾಗಿಯೂ ವರ್ತುಲವಾಗಿಯೂ ಕುಣಿಯುವರು. ಇವೆರಡರಲ್ಲಿಯೂ ವಾದ್ಯದ ಗತಿಗೇ ಪ್ರಾಧಾನ್ಯ. ಹಾಡಿಗೆ ಸ್ಥಾನ ಕಡಮೆ. ಆದುದರಿಂದ ಗೀತಪಾಠಗಳನ್ನೇ ಅರಸುವ ಸಂಗ್ರಾಹಕರ ಕೈಗೆ ಇವು ಸಿಕ್ಕುವುದು ಕಷ್ಟ.

ಸೋಮನ ಕುಣಿತವು ನಾಗಮಂಗಲದ ಕಡೆಯಿಂದ ತುಮಕೂರು ಹಾಸನ ಸೀಮೆಗಳವರೆಗೆ ಹಬ್ಬಿದೆ. ಸೋಮರು ಗ್ರಾಮದೇವತೆಯ ಪರಿವಾರದವರು. ದೊಡ್ಡ ಕಣ್ಣುಗಳ ಮರದ ಮೊಗವಾಡವನ್ನು ಬಿದಿರು ಬೆತ್ತಗಳ ಕಟ್ಟಿನೊಡನೆ ಧರಿಸಿ, ಕೈಯಲ್ಲಿ ಕೋಲನ್ನೋ ಬೇವಿನ ಸೊಪ್ಪನ್ನೋ ಹಿಡಿದು, ದೇವತೆಯ ಮುಂದೆ ಕುಣಿಯುವರು. ಯುಗಾದಿಯಿಂದ ಮುಂದಿನ ಹಬ್ಬಗಳ ಕಾಲವೇ ಇದಕ್ಕೆ ಸಲ್ಲುವ ಕಾಲ. ಹಬ್ಬ ಮುಗಿದ ಮೇಲೆ ಮೊಗವಾಡವು ವಸ್ತುವಾಗಿ ಉಳಿಯದೆ ದೇವರಾಗಿಯೇ ಗುಡಿಯನ್ನು ಸೇರುವುದು.

ಇವುಗಳಿಗಿಂತ ಬೇರೆಯಾದುದು ರಂಗದ ಕುಣಿತ. ಗುಡಿಯ ಮುಂದಿನ ಬಯಲಿಗೆ ‘ರಂಗ’ವೆಂದು ಹೆಸರು. ಹಬ್ಬದ ದಿನಗಳಲ್ಲಿ ಊರಿನ ಗಂಡಸರು ವಿಶೇಷ ವೇಷವಿಲ್ಲದೆ ಅಲ್ಲಿ ನೆರೆದು, ವಾದ್ಯದ ಸುತ್ತಲೂ ವರ್ತುಲವಾಗಿ ನಿಂತು ಕುಣಿಯುವರು. ಇಲ್ಲಿ ಕುಣಿಯುವವರೂ ನೋಡುವವರೂ ಬೇರೆ ಬೇರೆಯಲ್ಲ. ದಣಿದವನು ಹಿಂದಕ್ಕೆ ಸರಿದು ನೋಟಕನಾಗುವನು, ನೋಟಕನು ಮುಂದೆ ಬಂದು ಆಟಗಾರನಾಗುವನು. ಮೈಲಾರಲಿಂಗನ ಒಕ್ಕಲಾದ ಗೊರವರ ಕುಣಿತ, ವೀರಭದ್ರನಿಗೆ ಸಂಬಂಧಪಟ್ಟ ವೀರಗಾಸೆ, ನಂದಿಧ್ವಜ, ಕೋಲಾಟ ಇವೂ ಈ ಸೀಮೆಯಲ್ಲಿ ಪ್ರಚಾರದಲ್ಲಿವೆ.

ಈ ವಿವರಗಳಿಂದ ಒಂದು ಭೇದವು ಸ್ಪಷ್ಟವಾಗುವುದು. ಪೂಜೆ, ಪಟ, ನಂದಿಧ್ವಜಗಳು ಹೊತ್ತು ಸಾಗುವ ಕುಣಿತಗಳು. ಹುಟ್ಟಿನಿಂದಲೇ ಮೆರವಣಿಗೆಗೆ ಒಪ್ಪುವಂತಹವು. ರಂಗದ ಕುಣಿತವು ಸ್ಥಳವನ್ನು ಬಿಟ್ಟು ಚಲಿಸುವುದಿಲ್ಲ. ಮೊದಲ ಬಗೆಯವು ನಗರದ ಮೆರವಣಿಗೆಗಳನ್ನು ಸುಲಭವಾಗಿ ಪ್ರವೇಶಿಸಿದುವು. ಎರಡನೆಯದು ಊರಿನಲ್ಲಿಯೇ ಉಳಿಯಿತು. ಯಾವ ಕುಣಿತವು ಪ್ರಸಿದ್ಧವಾಯಿತು, ಯಾವುದು ಮರೆಯಲ್ಲಿ ಉಳಿಯಿತು ಎಂಬುದಕ್ಕೆ ಕಲೆಯ ತಾರತಮ್ಯಕ್ಕಿಂತ ಈ ಭೇದವೇ ಹೆಚ್ಚಿನ ಕಾರಣವೆಂದು ತೋರುತ್ತದೆ.

೩

ಜನರ ಕುಣಿತವನ್ನು ದೊರೆಗಳು ತಮ್ಮ ಆಸ್ಥಾನಕ್ಕೆ ತಂದುಕೊಂಡ ಉದಾಹರಣೆಗಳು ಕನ್ನಡನಾಡಿನಲ್ಲಿ ಬಹು ಹಿಂದಿನಿಂದಲೂ ಇವೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಆಳಿದವನು. ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದ ಕರ್ತೃ. ಕಾಕತೀಯ ಗಣಪತಿದೇವನ ಸೇನಾನಿಯಾಗಿದ್ದ ಜಾಯನು ೧೩ನೆಯ ಶತಮಾನದ ನಡುಭಾಗದಲ್ಲಿ ರಚಿಸಿದ ‘ನೃತ್ತರತ್ನಾವಲಿ’ಯಲ್ಲಿ ಈ ದೊರೆಯ ವಿಷಯವಾಗಿ ಒಂದು ಸಂಗತಿ ಬಂದಿದೆ. ಕಲ್ಯಾಣದಲ್ಲಿ ಭೂತಮಾತೃಮಹೋತ್ಸವವು ನಡೆಯುತ್ತಿದ್ದಾಗ ಭಿಲ್ಲಸ್ತ್ರೀಯ ವೇಷದ ನರ್ತನವನ್ನು ಕಂಡು ದೊರೆಯು ಮೆಚ್ಚಿ, ಅದಕ್ಕೆ ಗೊಂಡಲಿಯೆಂಬ ಹೆಸರಿಟ್ಟು ಪ್ರಚಾರಕ್ಕೆ ತಂದನೆಂಬುದೇ ಆ ಸಂಗತಿ. ಮುಂದೆ ಅದು ಸಂಗೀತಶಾಸ್ತ್ರಗ್ರಂಥಗಳಲ್ಲಿ ಲಕ್ಷಣಸಹಿತವಾಗಿ ಸ್ಥಾನವನ್ನು ಪಡೆಯಿತು. ಹಬ್ಬದ ಕುಣಿತ, ಅದನ್ನು ಮೆಚ್ಚಿದ ಪ್ರಭು, ಹೊಸ ಹೆಸರು, ಶಾಸ್ತ್ರದ ಅಂಗೀಕಾರ ಎಂಬ ನಾಲ್ಕು ಹಂತಗಳು ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಹೆಸರು ಉಳಿದುದು ದೊರೆಯದು; ಕುಣಿದವಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ವಿಜಯನಗರದಲ್ಲಿ ಈ ಕ್ರಮವು ರಾಜ್ಯದ ಮಹೋತ್ಸವವಾಗಿಯೇ ಬೆಳೆಯಿತು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ನರ್ತಕಿಯರೂ ವಾದ್ಯಗಾರರೂ ಬೇಟೆಗಾರರೂ ಕೆತ್ತಲ್ಪಟ್ಟಿದ್ದಾರೆ. ಹಜಾರರಾಮನ ಗುಡಿಯ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಕಾಲಾಳು, ನರ್ತಕಿಯರ ಸಾಲುಗಳು ಒಂದರ ಮೇಲೊಂದು ಸಾಗಿವೆ. ೧೪೪೩ರಲ್ಲಿ ಅಲ್ಲಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನೂ, ಕೃಷ್ಣದೇವರಾಯನ ಕಾಲದಲ್ಲಿ ಸುಮಾರು ೧೫೨೦ರಲ್ಲಿ ಬಂದ ಪೋರ್ಚುಗೀಸನಾದ ಡೊಮಿಂಗೋ ಪಾಯಸನೂ ಆ ಉತ್ಸವದ ನೃತ್ಯವಿನೋದಗಳನ್ನು ವರ್ಣಿಸಿದ್ದಾರೆ.

ಈ ಸಂಪ್ರದಾಯವು ಕಾವೇರಿಯ ತೀರಕ್ಕೆ ಬಂದುದು ೧೬೧೦ರಲ್ಲಿ. ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ಶ್ರೀರಂಗಪಟ್ಟಣವು ರಾಜ ಒಡೆಯರ ವಶವಾಯಿತು; ಅದೇ ವರ್ಷ ಅವರು ಅಲ್ಲಿ ನವರಾತ್ರಿಯ ಮಹೋತ್ಸವವನ್ನು ಆರಂಭಿಸಿದರು. ಕಂಠೀರವ ನರಸರಾಜ ಒಡೆಯರ ಕಾಲಕ್ಕೆ, ಎಂದರೆ ೧೬೩೮ರಿಂದ ೧೬೫೯ರ ಅವಧಿಯಲ್ಲಿ, ಆ ಉತ್ಸವವು ವೈಭವದ ಶಿಖರವನ್ನೇರಿತ್ತು. ಗೋವಿಂದವೈದ್ಯನದೆಂದು ಪ್ರಸಿದ್ಧವಾಗಿರುವ ‘ಕಂಠೀರವ ನರಸರಾಜ ವಿಜಯ’ವೆಂಬ ಸಾಂಗತ್ಯಕಾವ್ಯವು ೧೬೪೮ರದು. ಮಹಾನವಮಿಯ ಓಲಗ, ಸಂಗೀತ, ನರ್ತನ, ಮಲ್ಲಯುದ್ಧಗಳ ವರ್ಣನೆಗೆ ಆ ಕಾವ್ಯವು ಬಹಳ ಅವಕಾಶವನ್ನು ಕೊಟ್ಟಿದೆ. ಕೋಟೆಯೊಳಗಿನ ಓಲಗಶಾಲೆಯನ್ನು ಸಭಾರಂಗವೆಂದಲ್ಲದೆ ಬೇರೇನೆಂದು ಕರೆಯುವುದು? ಅಲ್ಲಿ ಆಸನಗಳ ಕ್ರಮವಿತ್ತು, ಪ್ರದರ್ಶನಕ್ಕೆ ಕಾಲದ ಮಿತಿಯಿತ್ತು, ಮೆಚ್ಚಿದ ಪ್ರಭುವಿನಿಂದ ಉಡುಗೊರೆಯಿತ್ತು. ಇಂದಿನ ಸಾಂಸ್ಕೃತಿಕ ರಾತ್ರಿಯ ಲಕ್ಷಣಗಳೆಲ್ಲ ಮುನ್ನೂರೈವತ್ತು ವರ್ಷಗಳಿಗೂ ಹಿಂದೆ ಈ ದ್ವೀಪದಲ್ಲಿದ್ದುವು.

ಆದುದರಿಂದ ಕಲೆಯು ಗುಡಿಯನ್ನು ಬಿಟ್ಟು ರಂಗವನ್ನು ಸೇರಿದುದು ಈ ಕಾಲದ ಪತನವೆಂದಾಗಲಿ, ಈ ಕಾಲದ ಉದ್ಧಾರವೆಂದಾಗಲಿ ಹೇಳುವುದು ಚರಿತ್ರೆಗೆ ಸಮ್ಮತವಲ್ಲ. ಗುಡಿಯಂಗಳವೂ ಓಲಗಶಾಲೆಯೂ ಏಕಕಾಲದಲ್ಲಿಯೇ ಇದ್ದುವು.

೪

೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟೀಪೂ ಸುಲ್ತಾನನು ಮಡಿದನು. ಮೂರನೆಯ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕದೊಡನೆ ರಾಜಧಾನಿಯು ಮೈಸೂರಿಗೆ ಹೋಯಿತು. ದಸರೆಯೂ ಅದರ ಹಿಂದೆ ಹೋಯಿತು. ಪಟ್ಟಣದಲ್ಲಿ ಓಲಗವು ನಿಂತಿತು. ಕೊಪ್ಪಲುಗಳ ಊರಹಬ್ಬವು ಅರಮನೆಯನ್ನು ನಂಬಿದುದಲ್ಲವಾದುದರಿಂದ, ಅದಕ್ಕೆ ಆ ಕಾರಣದಿಂದ ಲೋಪವುಂಟಾಗಲಿಲ್ಲ. ಕಲೆಯೊಂದರ ಬಾಳು ಯಾವುದನ್ನು ಆಶ್ರಯಿಸಿದೆಯೆಂಬುದನ್ನು ತಿಳಿಯಲು ಈ ಘಟನೆಯು ಒಳ್ಳೆಯ ಪರೀಕ್ಷೆಯಾಗಿದೆ. ಪ್ರಭುವಿನ ರಂಗವು ಪ್ರಭುವಿನೊಡನೆ ಸಾಗಿತು. ಊರಿನ ರಂಗವು ಊರಿನೊಡನೆ ಉಳಿಯಿತು.

ಆದರೆ ಊರಿನ ರಂಗವನ್ನು ಸ್ತುತಿಸುವಾಗ ಮರೆಯಬಾರದ ಸಂಗತಿಯೊಂದಿದೆ. ಪೂಜೆಯನ್ನು ಹೊರುವ ಗೌರವ ಒಬ್ಬರದು, ತಮಟೆಯನ್ನು ಬಡಿಯುವ ಕರ್ತವ್ಯ ಇನ್ನೊಬ್ಬರದು. ತಮಟೆಯಿಲ್ಲದೆ ಪೂಜೆಯು ಒಂದು ಹೆಜ್ಜೆಯನ್ನೂ ಇಡಲಾರದು; ಹೀಗಿದ್ದರೂ ತಮಟೆಯವರಿಗೆ ಆ ಗುಡಿಯೊಳಗೆ ಪ್ರವೇಶವಿರಲಿಲ್ಲ. ಅಸ್ಪೃಶ್ಯರೆನಿಸಿದ್ದ ಕುಲಗಳಿಗೆ ವಾದ್ಯಸೇವೆಯು ಕಲೆಯಾಗಿರದೆ ಚಾಕರಿಯಾಗಿತ್ತು. ಹಬ್ಬಕ್ಕೂ, ಸಾವಿಗೂ, ಊರಿಗೆ ಸಾರುವುದಕ್ಕೂ ಕರೆದಾಗ ಬರಬೇಕು, ಒಲ್ಲೆನೆನ್ನುವ ಹಕ್ಕಿಲ್ಲ. ಸಂವಿಧಾನವು ೧೯೫೦ರಲ್ಲಿ ಜಾರಿಗೆ ಬಂದು ಅಸ್ಪೃಶ್ಯತೆಯನ್ನು ನಿಷೇಧಿಸಿತು. ಗ್ರಾಮದ ಆನುವಂಶಿಕ ಹುದ್ದೆಗಳನ್ನು ೧೯೬೧ರ ಶಾಸನವು ರದ್ದುಗೊಳಿಸಿತು. ಕಾನೂನು ಬದಲಾದಷ್ಟು ಬೇಗನೆ ಊರಿನ ಕ್ರಮವು ಬದಲಾಗಲಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಸಭಾರಂಗವು ಈ ವಾದ್ಯಗಾರರಿಗೆ ಕೊಟ್ಟುದು ಸಂಭಾವನೆಯೊಂದೇ ಅಲ್ಲ. ಮಂಟಪದ ಮೇಲೆ ತಮಟೆಯು ಮೊದಲಿಗೆ ಬರುವ ವಾದ್ಯವಾಯಿತು. ಅದನ್ನು ನುಡಿಸುವವನು ಕಲಾವಿದನೆನಿಸಿಕೊಂಡನು. ಬರುವುದೂ ಬಾರದಿರುವುದೂ ಅವನ ಇಚ್ಛೆಗೆ ಸೇರಿತು. ಗಂಡಸರಿಗೇ ಮೀಸಲಾಗಿದ್ದ ಪೂಜಾಕುಣಿತವನ್ನೂ ತಮಟೆಯನ್ನೂ ಸ್ತ್ರೀಯರು ಕಲಿತು ತಂಡಗಳನ್ನು ಕಟ್ಟಿದುದೂ ಈ ರಂಗದ ಮೂಲಕವೇ. ಗುಡಿಯಂಗಳದಿಂದ ಬೇರೆಯಾದುದರಿಂದ ಕುಣಿತವು ಏನನ್ನು ಕಳೆದುಕೊಂಡಿತೆಂದು ಕೇಳುವವರು, ಕೆಲವರು ಅಲ್ಲಿಂದ ಬೇರೆಯಾದುದರಿಂದಲೇ ಏನನ್ನು ಪಡೆದರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೫

ಇಪ್ಪತ್ತನೆಯ ಶತಮಾನದಲ್ಲಿ ಸೀಮೆಯ ಬಾಳೇ ಮಾರ್ಪಟ್ಟಿತು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯೂ ಅದರ ನಾಲೆಯೂ ಒಣಭೂಮಿಗೆ ನೀರನ್ನು ತಂದುವು. ೧೯೩೩ರಲ್ಲಿ ಮಂಡ್ಯದ ಸಕ್ಕರೆಯ ಕಾರ್ಖಾನೆಯು ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ರಾಗಿಯ ಕಟಾವಿನ ತರುವಾಯ ಊರಿಗೆ ಊರೇ ಬಿಡುವಾಗಿರುತ್ತಿದ್ದ ಕಾಲಕ್ಕೆ ಹೊಂದಿಕೊಂಡಿದ್ದ ಹಬ್ಬಗಳು, ಭತ್ತ ಕಬ್ಬುಗಳ ಬೇಸಾಯದ ನಡುವೆ ನಡೆಯಬೇಕಾಯಿತು.

ರಂಗದ ಕಡೆಯಲ್ಲಿಯೂ ಹೊಸ ಪ್ರಭುಗಳು ಬಂದರು. ದೆಹಲಿಯಲ್ಲಿ ಗಣರಾಜ್ಯೋತ್ಸವದ ಅಂಗವಾಗಿ ಜಾನಪದ ನೃತ್ಯೋತ್ಸವವು ೧೯೫೩ರಲ್ಲಿ ಮೊದಲಾಯಿತು. ೧೯೭೧ರಲ್ಲಿ ರಾಜಧನವು ರದ್ದಾದ ಮೇಲೆ ಮೈಸೂರಿನ ದಸರೆಯು ಸರಕಾರದ ನಾಡಹಬ್ಬವಾಯಿತು. ಅಂಬಾರಿಯಲ್ಲಿ ದೊರೆಯ ಬದಲು ಚಾಮುಂಡೇಶ್ವರಿಯ ವಿಗ್ರಹವು ಸಾಗಿತು. ಮುಂದೆ ನಾಡಿನ ನಾನಾ ಕಡೆಯ ಕುಣಿತದ ತಂಡಗಳು ನಡೆದುವು. ದೊರೆಯ ಮೆರವಣಿಗೆಯು ದೇವತೆಯ ಮೆರವಣಿಗೆಯಾದಾಗ ಪೂಜಾಕುಣಿತವು ಒಂದು ಅರ್ಥದಲ್ಲಿ ತನ್ನ ಸ್ವಸ್ಥಾನವನ್ನೇ ಸೇರಿತೆನ್ನಬಹುದು. ಈಚಿನ ದಶಕಗಳಲ್ಲಿ ಶ್ರೀರಂಗಪಟ್ಟಣದಲ್ಲಿಯೂ ದಸರೆಯನ್ನು ಮರಳಿ ಆಚರಣೆಗೆ ತರಲಾಗಿದೆ. ಅದರ ಮೆರವಣಿಗೆಯು ಬಾಬುರಾಯನಕೊಪ್ಪಲಿಗೆ ಸಮೀಪವಾದ ಕಿರಂಗೂರಿನ ಬನ್ನಿಮಂಟಪದಿಂದ ಹೊರಟು ಪಟ್ಟಣದ ಕಡೆಗೆ ಸಾಗುವುದು. ರಾಜಧಾನಿಯ ಉತ್ಸವಕ್ಕೆ ಆರಂಭಸ್ಥಳವು ಕೊಪ್ಪಲುಗಳ ನಡುವೆ ದೊರೆತಿರುವುದು ಗಮನಿಸತಕ್ಕ ಸಂಗತಿ.

ಈ ಕಲೆಗಳನ್ನು ವಿದ್ವಲ್ಲೋಕದ ಗಮನಕ್ಕೆ ತಂದವರಲ್ಲಿ ಇಬ್ಬರು ನಾಗಮಂಗಲ ತಾಲ್ಲೂಕಿನವರೇ ಆಗಿದ್ದರು. ಜೀ. ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದದ ಸಂಗ್ರಹಕ್ಕೂ ಬೋಧನೆಗೂ ಶ್ರಮಿಸಿ, ಬಯಲುಸೀಮೆಯ ಯಕ್ಷಗಾನಕ್ಕೆ ಮೂಡಲಪಾಯವೆಂಬ ಹೆಸರನ್ನು ವಿದ್ವಾಂಸರಲ್ಲಿ ರೂಢಿಗೆ ತಂದರು. ಹೆರಗನಹಳ್ಳಿಯ ಎಚ್. ಎಲ್. ನಾಗೇಗೌಡರು (೧೯೧೫–೨೦೦೫) ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, ೧೯೯೪ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಸ್ಥಾಪಿಸಿದರು. ಹೊರಗಿನವರು ಬಂದು ಕಂಡುಹಿಡಿದುದಲ್ಲ, ಹಬ್ಬದ ರಾತ್ರಿಗಳನ್ನು ಬಾಲ್ಯದಿಂದಲೇ ಬಲ್ಲವರು ಬರೆದಿಟ್ಟುದು ಎಂಬುದೇ ಅವರ ಕಾರ್ಯದ ಹಿರಿಮೆ.

೬

ಇದೇ ಪ್ರಶ್ನೆಯು ದೂರದ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿಯೂ ಹುಟ್ಟಿದೆ. ಫಿಜಿಯು ೧೮೭೪ರಲ್ಲಿ ಬ್ರಿಟಿಷರ ಅಧೀನವಾಯಿತು. ಅದರ ಉತ್ತರಕ್ಕೆ ಸುಮಾರು ೪೬೫ ಕಿಲೋಮೀಟರುಗಳ ದೂರದಲ್ಲಿರುವ ರೊಟುಮವು ೧೮೮೧ನೆಯ ಮೇ ೧೩ರಂದು ಬ್ರಿಟಿಷರಿಗೆ ಸೇರಿ, ಫಿಜಿಯೊಡನೆ ಆಳಲ್ಪಟ್ಟಿತು. ೧೮೭೯ರಿಂದ ೧೯೧೬ರವರೆಗೆ ಸುಮಾರು ೬೦,೦೦೦ ಭಾರತೀಯರು ಕೂಲಿಯ ಕರಾರಿನ ಮೇಲೆ ಫಿಜಿಗೆ ಹೋದುದರಿಂದ ಆ ಹೆಸರು ನಮ್ಮ ದೇಶದವರಿಗೆ ಅಪರಿಚಿತವಲ್ಲ.

ಫಿಜಿಯವರ ಕುಣಿತಕ್ಕೆ ಮೆಕೆಯೆಂದು ಹೆಸರು. ಈಟಿಯನ್ನು ಹಿಡಿದು ಗಂಡಸರು ಕುಣಿಯುವುದು, ಬೀಸಣಿಗೆಯನ್ನು ಹಿಡಿದು ಕುಣಿಯುವುದು, ಕುಳಿತೇ ಅಭಿನಯಿಸುವುದು ಎಂದು ಅದರಲ್ಲಿ ಭೇದಗಳಿವೆ. ಲಾಲಿಯೆಂಬ ಮರದ ವಾದ್ಯವೂ ನೆಲಕ್ಕೆ ಕುಟ್ಟುವ ಬಿದಿರಿನ ಕೊಳವೆಗಳೂ ಅದಕ್ಕೆ ಗತಿಯನ್ನು ಕೊಡುವುವು. ರೊಟುಮದವರ ಮುಖ್ಯ ನೃತ್ಯವು ತೌತೊಂಗ. ಮಡಿಸಿದ ಚಾಪೆಗಳ ರಾಶಿಯನ್ನು ಕೋಲುಗಳಿಂದ ಬಡಿಯುತ್ತ ಹಿರಿಯರು ಹಾಡುವರು. ಗಂಡಸರೂ ಹೆಂಗಸರೂ ಸಾಲುಸಾಲಾಗಿ ನಿಂತು ಕುಣಿಯುವರು. ಮುಂದಿನ ಸಾಲಿನವರು ಸ್ವಲ್ಪ ಹೊತ್ತಿನ ಮೇಲೆ ಹಿಂದಕ್ಕೆ ಸರಿದು, ಹಿಂದಿನವರಿಗೆ ಎಡೆಗೊಡುವರು. ನಮ್ಮ ರಂಗದ ಕುಣಿತದ ನೀತಿಯೇ ಅಲ್ಲಿ ನಿಯಮವಾಗಿದೆ. ರೊಟುಮದ ಜನರಲ್ಲಿ ಬಹುಭಾಗದವರು ಇಂದು ತಮ್ಮ ದ್ವೀಪದ ಹೊರಗೆ, ಫಿಜಿಯ ನಗರಗಳಲ್ಲಿಯೂ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿಯೂ ವಾಸವಾಗಿದ್ದಾರೆ. ಪ್ರತಿವರ್ಷ ಮೇ ೧೩ರ ಸುಮಾರಿಗೆ ಅವರು ಎಲ್ಲಿದ್ದರೂ ನೆರೆದು ಕುಣಿಯುವರು. ನೆಲದಿಂದ ದೂರವಾದವರಿಗೆ ಆ ಸಾಂಸ್ಕೃತಿಕ ರಾತ್ರಿಯೇ ಊರಾಗಿದೆ. ಅದನ್ನು ಬರಿಯ ಪ್ರದರ್ಶನವೆನ್ನಲು ಬಾರದು.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಅಲ್ಲಿಯೇ ಇದೆ. ಫಿಜಿಯ ಬೆಂಗ ದ್ವೀಪದ ಸವೌ ಜನರು ಕಾದ ಕಲ್ಲುಗಳ ಮೇಲೆ ನಡೆಯುವ ಆಚರಣೆಗೆ ಪ್ರಸಿದ್ಧರು. ಅದು ಪ್ರವಾಸಿಗಳ ವಸತಿಗೃಹಗಳಲ್ಲಿ ಪ್ರದರ್ಶನವಾಗಿ ಬಹುಕಾಲವಾಯಿತು. ಇತರರೂ ಅದನ್ನು ಅನುಕರಿಸತೊಡಗಿದ ಮೇಲೆ ಅದರ ಒಡೆತನ ಯಾರದೆಂಬ ವಿವಾದವು ತಲೆದೋರಿತು. ಮಂಡ್ಯದ ಸೀಮೆಯಲ್ಲಿಯೂ ಊರಹಬ್ಬಗಳಲ್ಲಿ ಕೆಂಡದ ಕೊಂಡವನ್ನು ಹಾಯುವ ಪದ್ಧತಿಯಿದೆ. ಅದರ ಜೊತೆಯಲ್ಲಿಯೇ ನಡೆಯುವ ಪೂಜಾಕುಣಿತವು ನಗರಕ್ಕೆ ಹೋಯಿತು. ಕೊಂಡವು ಗುಡಿಯ ಮುಂದೆಯೇ ಉಳಿಯಿತು. ಕೊಂಡವನ್ನು ಹಾಯುವುದಕ್ಕೆ ಹರಕೆಯೂ ಉಪವಾಸವೂ ದೇವತೆಯ ಸನ್ನಿಧಿಯೂ ಬೇಕು. ನೋಟಕರಿಗಾಗಿ ಅದನ್ನು ಹಾಯುವುದು ಊರಿನವರ ಭಾವನೆಗೆ ಒಪ್ಪದು. ಯಾವುದನ್ನು ಹೊರಗೆ ಕಳುಹಿಸಬಹುದು, ಯಾವುದನ್ನು ಕಳುಹಿಸಬಾರದು ಎಂಬ ವಿವೇಕವು ಯಾವ ಪಂಡಿತರ ಉಪದೇಶವೂ ಇಲ್ಲದೆ ಗ್ರಾಮಸಮಾಜದಲ್ಲಿ ಇದೆಯೆಂಬುದಕ್ಕೆ ಇದು ನಿದರ್ಶನ.

೭

ಈ ವಿಚಾರದಿಂದ ಫಲಿಸುವುದಿಷ್ಟು. ಕುಣಿತವು ಎಲ್ಲಿ ನಡೆಯುತ್ತದೆಂಬುದು ಅದರ ಜೀವಂತಿಕೆಗೆ ಅಳತೆಯಲ್ಲ. ಯಾವಾಗ ಕುಣಿಯಬೇಕು, ಎಷ್ಟು ಹೊತ್ತು ಕುಣಿಯಬೇಕು, ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ಕುಣಿಯುವವರೇ ನಿಶ್ಚಯಿಸುವರೋ ಇಲ್ಲವೋ ಎಂಬುದೇ ಅಳತೆ. ಇರುಳೆಲ್ಲ ಸಾಗುತ್ತಿದ್ದ ಕುಣಿತವನ್ನು ಹತ್ತು ನಿಮಿಷಗಳಿಗೆ ಮೊಟಕುಮಾಡುವ ಸಭಾರಂಗವು ಅದರ ನಿಧಾನವಾದ ಆರೋಹಣವನ್ನೂ ಆವೇಶವನ್ನೂ ನುಂಗಿ, ಚಮತ್ಕಾರಗಳನ್ನು ಮಾತ್ರ ಉಳಿಸುವುದು. ಇದು ನಿಜವಾದ ನಷ್ಟ. ತಮಟೆಯವನನ್ನು ಅಂಗಳದ ಅಂಚಿನಲ್ಲಿಯೇ ನಿಲ್ಲಿಸುವ ಗುಡಿಯು ಕುಣಿತದ ಅರ್ಧಭಾಗವನ್ನು ಅಗೌರವಿಸುವುದು, ಇದೂ ನಷ್ಟವೇ. ಮೊದಲನೆಯದನ್ನು ಮಾತ್ರ ಕಂಡು ಮರುಗುವವರು ಎರಡನೆಯದನ್ನು ಕಾಣದಿರುವುದು ನ್ಯಾಯವಲ್ಲ.

ಸಾಹಿತ್ಯದ ಅಧ್ಯಾಪಕರಿಗೂ ಸಂಶೋಧಕರಿಗೂ ಇಲ್ಲಿ ಒಂದು ಕೆಲಸವು ಕಾದಿದೆ. ಜಾನಪದದ ಸಂಗ್ರಹವು ಬಹುಮಟ್ಟಿಗೆ ಹಾಡು ಕಥೆಗಳ ಸಂಗ್ರಹವಾಗಿದೆ. ಹಾಡಿಲ್ಲದ ಪೂಜೆ ಪಟಗಳಿಗೆ ಅದರಲ್ಲಿ ಎಡೆ ಸಾಲದು. ಪ್ರತಿಯೊಂದು ಊರಿನ ಹಬ್ಬದ ತಿಥಿ, ದೇವತೆಯ ಹೆಸರು, ಪೂಜೆ ಹೊರುವ ಮನೆತನ, ತಮಟೆಯವರ ವಂಶ, ವಾದ್ಯದ ಗತಿಗಳಿಗೆ ಅವರು ಕೊಡುವ ಹೆಸರುಗಳು, ಕೊಡುವ ಕೊಳ್ಳುವ ಕ್ರಮ ಇವುಗಳನ್ನು ತಾಲ್ಲೂಕು ತಾಲ್ಲೂಕಾಗಿ ಬರೆದಿಡಬೇಕು. ಕಲ್ಯಾಣದ ಉತ್ಸವದಲ್ಲಿ ಕುಣಿದವಳ ಹೆಸರು ಉಳಿಯಲಿಲ್ಲ; ಶ್ರೀರಂಗಪಟ್ಟಣದ ಓಲಗಕ್ಕೆ ವಾದ್ಯ ನುಡಿಸಿದ ಹಳ್ಳಿಗರ ಹೆಸರುಗಳೂ ಉಳಿಯಲಿಲ್ಲ. ಬಾಬುರಾಯನಕೊಪ್ಪಲಿನಂತಹ ಊರುಗಳ ರಂಗದಲ್ಲಿ ಈಗ ಕುಣಿಯುವವರನ್ನೂ ನುಡಿಸುವವರನ್ನೂ ಅವರ ಅನುಮತಿಯಿಂದ ಹೆಸರು ಹಿಡಿದು ದಾಖಲೆಮಾಡುವುದು ಇಂದಿನವರಿಗೆ ಸಾಧ್ಯವಾದ ಕೆಲಸವಾಗಿದೆ.